ಕುಡುಕನ ಆಕಾಶ

ನಮ್ಮಪ್ಪ ಜೀವಮಾನದಲ್ಲಿ ಒಂದು ತೊಟ್ಟು ಹೆಂಡ ಮುಟ್ಟಿದವನಲ್ಲ. ಆದರೂ ಹಳೇ ಸಿನಿಮಾಗಳ ಹುಚ್ಚು ಹತ್ತಿದವರನ್ನು ಯಾರನ್ನಾದರೂ ಹಿಡಿದು ಕೇಳಿ, ಅವನು ಕುಡುಕ ಎನ್ನುತ್ತಾರೆ. ಅವರಿಗೆ ಅವನ ಹೆಸರು ಗೊತ್ತಿಲ್ಲ, ಮುಖ ಗೊತ್ತಿಲ್ಲ. ಕುಡುಕ ಎನ್ನುವುದು ಮಾತ್ರ ಗೊತ್ತು.

ನಾನು ಹುಟ್ಟುವ ಮೊದಲು ಬಂದ ಸಿನಿಮಾ ಅದು. ದೂರದ ಗ್ರಹವೊಂದರಲ್ಲಿ ರಾಕೆಟ್ಟು ಕೆಟ್ಟು ಸಿಕ್ಕಿಹಾಕಿಕೊಂಡ ಗಗನಯಾತ್ರಿಗಳ ಕತೆ. ಗ್ರಹವೆಂದರೆ ಒಂದು ದೊಡ್ಡ ಶೆಡ್ಡು, ನಾಲ್ಕು ಲಾರಿ ಮರಳು, ರಟ್ಟಿನ ಬಂಡೆಗಳು. ಹಿಂದೆ ಈ ಗೋಡೆಯಿಂದ ಆ ಗೋಡೆಗೆ ಎಳೆದು ಕಟ್ಟಿದ ಬಟ್ಟೆಯ ಮೇಲೆ ಆಕಾಶ. ಆ ಆಕಾಶ ಬಳಿದವನು ನಮ್ಮಪ್ಪ. ಮೇಲೆ ಗಾಢ ನೇರಳೆ, ಕೆಳಗೆ ಬರುಬರುತ್ತಾ ತಾಮ್ರದ ಅಂಚು. ಏಣಿಯ ಮೇಲೆ ನಿಂತು ಕತ್ತು ಹಿಂದಕ್ಕೆ ಬಾಗಿಸಿ ಬಳಿದು ಬಳಿದು, ಈಗಲೂ ಅವನ ಕತ್ತು ಎಡಕ್ಕೆ ತಿರುಗುವುದಿಲ್ಲ. ಯಾರಾದರೂ ಕರೆದರೆ ಇಡೀ ಮೈ ತಿರುಗಿಸುತ್ತಾನೆ.

ಸಿನಿಮಾ ಬಿಡುಗಡೆಯಾದಾಗ ಜನ ನಕ್ಕರು. ಒಂದು ಶಾಟಿನಲ್ಲಿ ನೇರಳೆಯಾಗಿದ್ದ ಆಕಾಶ ಮುಂದಿನ ಶಾಟಿನಲ್ಲಿ ಕೆಸರು. ಮತ್ತೆ ನೇರಳೆ, ಮತ್ತೆ ಕೆಸರು. ಕ್ಯಾಮೆರಾಮನ್ನು ಅದಕ್ಕೊಂದು ಕತೆ ಕಟ್ಟಿದ: ಶೂಟಿಂಗಿನ ನಡುವೆ ಒಂದು ದಿನ ಪೇಂಟರ್ ಕಂಠಪೂರ್ತಿ ಕುಡಿದು ಬಂದ, ತನ್ನ ಆಕಾಶ ತನಗೇ ಹಿಡಿಸದೆ ಅದರ ಮೇಲೆ ಮತ್ತೆ ಬಳಿದ, ಅಲ್ಲಿಂದಾಚೆ ತೆಗೆದದ್ದೆಲ್ಲ ಕೆಸರಾಯಿತು. ಕತೆಗೆ ಹೆಸರೂ ಅವನೇ ಇಟ್ಟ. ಕುಡುಕನ ಆಕಾಶ. ಒಳ್ಳೇ ಹೆಸರು ನೋಡಿ, ನಾಲಿಗೆಗೆ ಅಂಟಿಕೊಳ್ಳುತ್ತದೆ. ವರ್ಷಗಳು ಕಳೆದಂತೆ ಸಿನಿಮಾ ದೊಡ್ಡದಾಯಿತು, ನಕ್ಕವರೇ ಅದನ್ನು ಹೊಗಳಿದರು, ಕ್ಯಾಮೆರಾಮನ್ನಿಗೆ ಸಂದರ್ಶನದ ಮೇಲೆ ಸಂದರ್ಶನ. ಪ್ರತಿಯೊಂದರಲ್ಲೂ ಈ ಜೋಕು ಇರಲೇಬೇಕು. ಅಪ್ಪನಿಗೆ ಮತ್ತೆ ಯಾವ ಸ್ಟುಡಿಯೋದವರೂ ಏಣಿ ಕೊಡಲಿಲ್ಲ. ಅಂಗಡಿಯ ಶಟರು ಬಳಿದ, ನಂಬರ್ ಪ್ಲೇಟು ಬರೆದ, ಈಗಲೂ ಬರೆಯುತ್ತಾನೆ.

ನಾನು ಎಂಟನೇ ಕ್ಲಾಸಿನಲ್ಲಿದ್ದಾಗ ಅಂಥದ್ದೊಂದು ಸಂದರ್ಶನ ಟಿವಿಯಲ್ಲಿ ಬಂತು. ಆ ಆಕಾಶ ಯಾರದ್ದೆಂದು ನಮ್ಮ ಬೀದಿಗೆಲ್ಲ ಗೊತ್ತಿತ್ತು. ಅಪ್ಪನೇ ಒಂದು ಕಾಲದಲ್ಲಿ ಎದೆಯುಬ್ಬಿಸಿಕೊಂಡು ಎಲ್ಲರಿಗೂ ಹೇಳಿದ್ದ. ಮಾರನೇ ದಿನ ಕ್ಲಾಸಿನಲ್ಲಿ ಒಬ್ಬ ಬಾಟಲಿ ಎತ್ತಿ ಕುಡಿಯುವವನಂತೆ ನಟಿಸಿ, ಕೈಯಲ್ಲಿ ಬ್ರಷ್ಷು ಹಿಡಿದು ತೂರಾಡಿದ. ನಾನು ಜಾಮಿಟ್ರಿ ಬಾಕ್ಸಿನಿಂದ ಅವನ ಹುಬ್ಬು ಒಡೆದೆ. ಮೇಷ್ಟ್ರು ಕ್ಷಮೆ ಕೇಳು ಎಂದರು. ಕೇಳಲಿಲ್ಲ. ಮತ್ತೆ ಆ ಶಾಲೆಯ ಮೆಟ್ಟಿಲು ಹತ್ತಲೂ ಇಲ್ಲ.

"ಬಿಡೋ ಮಾರಾಯ" ಎಂದ ಅಪ್ಪ ಆವತ್ತು. "ನಾನು ಕುಡೀತಿರಲಿಲ್ಲ ಅಂತ ಹೇಳೋಕೆ ಹೋದ್ರೆ, ಬಾಯಿ ಹತ್ರ ಬಂದು ಮೂಸಿ ನೋಡ್ತಾರೆ ಅಷ್ಟೇ."

ಬಿಡೋ ಎನ್ನುವುದು ಅವನ ಮಂತ್ರವಾಗಿತ್ತು. ನನಗೆ ಬಿಡಲು ಬರುವುದಿಲ್ಲ.

ನಾನು ಈಗ ಇರುವುದು ಹಳೇ ಟೇಪುಗಳನ್ನು ಕಂಪ್ಯೂಟರಿಗೆ ಇಳಿಸಿಕೊಡುವ ಅಂಗಡಿಯಲ್ಲಿ. ಮದುವೆ, ಮೊದಲ ವರ್ಷದ ಹುಟ್ಟುಹಬ್ಬ, ಸತ್ತುಹೋದ ಅಜ್ಜಿಯ ನಗು, ಎಲ್ಲ ಬರುತ್ತದೆ. ಬಣ್ಣ ಕೆಟ್ಟಿದ್ದರೆ ಸರಿಮಾಡುತ್ತೇನೆ. ಕಲಿಸಿದವರು ಯಾರೂ ಇಲ್ಲ. ಕೆಡಿಸಿ ಕೆಡಿಸಿ ಕಲಿತೆ.

ಹೋದ ವರ್ಷ ಕಂಪನಿಯವರು ಆ ಸಿನಿಮಾವನ್ನು ಹೊಸದಾಗಿ ತೊಳೆದು ಬಿಟ್ಟರು. ಡಿಸ್ಕಿನ ಡಬ್ಬಿಯ ಮೇಲೆ "ಛಾಯಾಗ್ರಾಹಕರು ಖುದ್ದು ಒಪ್ಪಿದ ಬಣ್ಣ" ಎಂಬ ಚೀಟಿ. ಹಾಕಿ ನೋಡಿದೆ. ಆಕಾಶವೇ ಇಲ್ಲ. ನೇರಳೆಯೂ ಇಲ್ಲ, ಕೆಸರೂ ಇಲ್ಲ, ಉದ್ದಕ್ಕೂ ಇದ್ದಿಲಿನಂಥ ಕಪ್ಪು. ಅಪ್ಪನ ಕತ್ತು ಹಿಡಿಸಿದ ಆಕಾಶದ ಮೇಲೆ ಟಾರು ಸುರಿದಿದ್ದರು. ಕೊನೆಯಲ್ಲಿ ಮುದುಕ ಕ್ಯಾಮೆರಾಮನ್ನಿನ ಮಾತುಕತೆ. ಸೋಫಾದಿಂದ ಎದ್ದು, ಒಂದು ಕಣ್ಣು ಮುಚ್ಚಿ, ತೂರಾಡಿ, ಗಾಳಿಯಲ್ಲಿ ಬ್ರಷ್ಷು ಆಡಿಸಿ ತೋರಿಸಿದ. ಈ ವಯಸ್ಸಿನಲ್ಲೂ ನಟನೆಗೆ ಕುಂದಿಲ್ಲ. ನಾನು ಅಲ್ಲೇ ನಿಲ್ಲಿಸಿ, ಅವನ ಅರ್ಧ ಮುಚ್ಚಿದ ಕಣ್ಣನ್ನು ಬಹಳ ಹೊತ್ತು ನೋಡಿದೆ. ಇವನನ್ನು ಇವನ ಸಿನಿಮಾದಿಂದಲೇ ಹೊಡೆಯಬೇಕು ಅನ್ನಿಸಿತು.

ಇಂಥ ಸಿನಿಮಾಗಳನ್ನು ಅಭಿಮಾನಿಗಳೇ ಸರಿಮಾಡಿಕೊಳ್ಳುವ ಒಂದು ಗುಂಪಿದೆ. ಕಂಪನಿಯವರು ಕೆಡಿಸಿದ್ದನ್ನು ಇವರು ಮನೆಯಲ್ಲಿ ಕೂತು ರಿಪೇರಿ ಮಾಡುತ್ತಾರೆ. ಎಲ್ಲಿಂದಲೋ ಥಿಯೇಟರಿನಲ್ಲಿ ಓಡಿದ ಹಳೇ ರೀಲು ತರುತ್ತಾರೆ, ಚಿತ್ರ ಚಿತ್ರವಾಗಿ ಸ್ಕ್ಯಾನು ಮಾಡುತ್ತಾರೆ, ಧೂಳು ಒರೆಸುತ್ತಾರೆ, ಬಣ್ಣ ಎಬ್ಬಿಸುತ್ತಾರೆ. ಬಿಡಿಗಾಸು ಹುಟ್ಟುವುದಿಲ್ಲ, ಬೈಗುಳ ಬೇಕಾದಷ್ಟು ಹುಟ್ಟುತ್ತದೆ. ಈ ಗುಂಪಿನ ಹಿರಿಯ ಒಬ್ಬ ದಂತವೈದ್ಯ. ಎಲ್ಲರೂ ಅವನನ್ನು ಹಲ್ಲು ಡಾಕ್ಟ್ರು ಎನ್ನುತ್ತಾರೆ. ಅವನ ಕ್ಲಿನಿಕ್ಕಿನ ಹಿಂದಿನ ಕೋಣೆಯಲ್ಲಿ ಹೊಲಿಗೆ ಯಂತ್ರದ ಮೋಟಾರು, ಹಳೇ ಪ್ರೊಜೆಕ್ಟರು, ಹಲ್ಲು ನೋಡುವ ದೀಪ ಎಲ್ಲ ಸೇರಿಸಿ ಕಟ್ಟಿದ ಸ್ಕ್ಯಾನರ್ ಇದೆ. ನನ್ನ ಅದೃಷ್ಟಕ್ಕೆ ಆ ಸಿನಿಮಾದ ಒಂದು ರೀಲು ಸೆಟ್ಟೂ ಅವನ ಹತ್ತಿರವೇ ಇತ್ತು.

ನಾನು ಯಾರ ಮಗ ಎಂದು ಅವನಿಗೆ ಹೇಳಲಿಲ್ಲ.

ರೀಲು ತೆಗೆದು ಬೆಳಕಿಗೆ ಹಿಡಿದರೆ ಎಲ್ಲ ಕೆಂಪು. ಹಳೇ ರೀಲುಗಳ ಹಣೆಬರಹವೇ ಅದು, ನೀಲಿ ಮತ್ತು ಹಸಿರು ಮೊದಲು ಸಾಯುತ್ತವೆ, ಕೆಂಪು ಒಂದೇ ಉಳಿದು ದಾಳಿಂಬೆ ರಸದಲ್ಲಿ ಅದ್ದಿದ ಹಾಗೆ ಕಾಣುತ್ತದೆ. ಅದನ್ನು ಸರಿಮಾಡಲು ಒಂದು ಹಿಡಿತ ಬೇಕು. ಚಿತ್ರದಲ್ಲಿ ಬಿಳಿಯದು ಎಂದು ಖಾತ್ರಿ ಇರುವ ವಸ್ತು ಒಂದನ್ನು ಹುಡುಕಬೇಕು. ಅದನ್ನು ಬಿಳಿ ಮಾಡಿದರೆ ಉಳಿದ ಬಣ್ಣಗಳು ಹಿಂದೆಯೇ ಬರುತ್ತವೆ.

"ಹಲ್ಲು ಹಿಡ್ಕೊಳ್ಳಲಾ ಡಾಕ್ಟ್ರೇ?" ಎಂದೆ.

"ಹಲ್ಲು ಬಿಳಿ ಅಂತ ಯಾರಪ್ಪಾ ಹೇಳಿದ್ದು ನಿಂಗೆ?" ಅವನು ನನ್ನ ಬಾಯಿಯನ್ನೇ ನೋಡಿದ. "ನಿಂದು ನೋಡಿದ್ರೆ ಹಳೇ ಪಿಯಾನೋ ಇದ್ದಂಗಿದೆ. ಹೆಲ್ಮೆಟ್ ಹಿಡ್ಕೋ. ಆ ಗಗನಯಾತ್ರಿಗಳ ಹೆಲ್ಮೆಟ್ಟು ಸ್ಟುಡಿಯೋದಲ್ಲಿ ಅಚ್ಚ ಬಿಳಿ ಬಳಿದದ್ದು."

ರೀಲು ಸ್ಕ್ಯಾನು ಮಾಡಿಸಿಕೊಂಡು, ಅಂಗಡಿಯ ಕಂಪ್ಯೂಟರಿನಲ್ಲಿ ಹಾಗೇ ಮಾಡಿದೆ. ದಿನಾ ಅಂಗಡಿ ತೆಗೆಯುವ ಮೊದಲು, ಮಧ್ಯಾಹ್ನ ಮಾಲೀಕ ನಿದ್ದೆ ಹೊಡೆಯುವಾಗ, ರಜೆಯ ದಿನ ಪೂರ್ತಿ. ಒಂದೊಂದು ಶಾಟನ್ನೂ ತೆಗೆದು, ಹೆಲ್ಮೆಟ್ಟು ಹಾಲಿನಂತಾಗುವವರೆಗೆ ಬಣ್ಣ ತಿರುಗಿಸಿದೆ. ಹೆಲ್ಮೆಟ್ಟು ಬೆಳ್ಳಗಾಗುತ್ತಿದ್ದಂತೆ ಹಿಂದಿನ ಆಕಾಶ ಕೆಂಪಿನ ಮುಸುಕು ಸರಿಸಿ ಎದ್ದುಬಂತು. ನೇರಳೆ! ಎಲ್ಲ ಶಾಟಿನಲ್ಲೂ ನೇರಳೆ. ಒಂದೇ ಒಂದು ಕಡೆಯೂ ಕೆಸರಿಲ್ಲ. ತಾಮ್ರದ ಅಂಚು ಕೂಡ ಬಂತು. ನಾನು ಅಂಗಡಿಯ ಕುರ್ಚಿಯಲ್ಲಿ ಕೂತಲ್ಲೇ ಕ್ಯಾಮೆರಾಮನ್ನಿಗೆ ಗಟ್ಟಿಯಾಗಿ ಬೈದೆ. ಟೇಪು ಕೊಡಲು ಬಂದಿದ್ದ ಹೆಂಗಸೊಬ್ಬಳು ತನಗೇ ಅಂದುಕೊಂಡು ಮಾಲೀಕನ ಹತ್ತಿರ ದೂರು ಹೇಳಿದಳು.

ಮನೆಯಲ್ಲಿ ಅಕ್ಕನಿಗೆ ತೋರಿಸಿದೆ. ಅಕ್ಕ ಲಾಂಡ್ರಿ ನಡೆಸುತ್ತಾಳೆ, ಅವಳ ನಾಲಿಗೆಯೂ ಇಸ್ತ್ರಿ ಪೆಟ್ಟಿಗೆಯಷ್ಟೇ ಬಿಸಿ.

"ಚೆನ್ನಾಗಿದೆ ಕಣೋ. ನೀನು ನನ್ನ ಅಂಗಡೀಲಿ ಕಲೆ ತೆಗೆಯೋಕೆ ಕೂತಿದ್ರೆ ಇಷ್ಟೊತ್ತಿಗೆ ಮದುವೆನಾದ್ರೂ ಆಗಿರೋದು."

"ಅಪ್ಪನ್ನ ಕರಿ."

ಅಪ್ಪ ಬಂದು, ಮೈ ತಿರುಗಿಸಿ ನಿಂತು, ಪರದೆ ನೋಡಿದ. "ಹೂಂ, ಇದೇ ಬಣ್ಣ" ಎಂದ. ಆಮೇಲೆ ನಂಬರ್ ಪ್ಲೇಟು ಒಣಗಿಸಲು ಹೊರಗೆ ಹೋದ. ಇಷ್ಟಕ್ಕೇ ನಾನು ಅಷ್ಟು ತಿಂಗಳು ಕಣ್ಣು ಹಾಳುಮಾಡಿಕೊಂಡೆನಾ ಅನ್ನಿಸಿ ಸಿಟ್ಟು ನೆತ್ತಿಗೇರಿತು.

ಗುಂಪಿನಲ್ಲಿ ಬಿಟ್ಟೆ. ಹುಚ್ಚೆದ್ದು ಹೊಗಳಿದರು. ನಾನು ಕಾಯುತ್ತಿದ್ದದ್ದು ಒಂದೇ ಮಾತಿಗೆ, "ಹಾಗಾದರೆ ಪೇಂಟರ್ ತಪ್ಪು ಮಾಡಿರಲಿಲ್ಲ" ಎನ್ನುವುದಕ್ಕೆ. ಯಾರೂ ಹೇಳಲಿಲ್ಲ. ಹತ್ತು ದಿನ ಕಳೆಯುವಷ್ಟರಲ್ಲಿ ಕ್ಯಾಮೆರಾಮನ್ನಿನ ಕಿವಿಗೇ ಬಿತ್ತು. ಅವನು ನೋಡಿದ, ಮೆಚ್ಚಿದ, ಕೂತಲ್ಲಿಂದಲೇ ಒಂದು ವಿಡಿಯೋ ಮಾಡಿ ಹಾಕಿದ.

"ಯಾರೋ ಹುಡುಗ, ಭೇಷ್! ಕಂಪನಿಯವರ ಕೈಲೂ ಆಗದ ಕೆಲಸ ಮಾಡಿದ್ದಾನೆ. ನನ್ನ ಸಿನಿಮಾನ ಕುಡುಕನ ಕೈಯಿಂದ ಬಿಡಿಸಿದ್ದಾನೆ. ಆ ಮಹಾನುಭಾವ ಬಳಿದ ಕೆಸರನ್ನೆಲ್ಲ ಮಷೀನು ಒರೆಸಿಬಿಟ್ಟಿದೆ."

ಮೊಬೈಲು ಗೋಡೆಗೆ ಎಸೆಯಬೇಕೆನ್ನಿಸಿತು. ಅದು ಅಕ್ಕನದ್ದು, ಆದ್ದರಿಂದ ಬಚಾವಾಯಿತು. ಅವನಿಗೆ ಹೊಡೆಯಲು ಹಗಲೆಲ್ಲ ಕೂತು ಮಸೆದ ಕತ್ತಿಯನ್ನು ಅವನೇ ಸೊಂಟಕ್ಕೆ ಸಿಕ್ಕಿಸಿಕೊಂಡು ಮೆರೆಯುತ್ತಿದ್ದ. ಸಾಲದ್ದಕ್ಕೆ, ಗುಂಪಿನವರು ಒಂದು ಥಿಯೇಟರಿನಲ್ಲಿ ಮಧ್ಯಾಹ್ನದ ವಿಶೇಷ ಪ್ರದರ್ಶನ ಇಟ್ಟರು. ಕ್ಯಾಮೆರಾಮನ್ನು ಮುಖ್ಯ ಅತಿಥಿ, ನಾನು ಪಕ್ಕದಲ್ಲಿ. ಅವನು ನನ್ನ ಬೆನ್ನು ತಟ್ಟುತ್ತಾನಂತೆ.

"ಹೋಗಬೇಡ" ಎಂದಳು ಅಕ್ಕ. "ಹೋದ್ರೆ ನೀನು ಅವನ ಹಲ್ಲು ಉದುರಿಸ್ತೀಯ, ಆಮೇಲೆ ನಿಮ್ಮ ಡಾಕ್ಟ್ರಿಗೆ ಗಿರಾಕಿ."

ಹೋಗುವುದಿಲ್ಲ ಎಂದು ಹೇಳಲು ಕ್ಲಿನಿಕ್ಕಿಗೆ ಹೋದೆ. ಡಾಕ್ಟ್ರು ನನ್ನ ಕೆಲಸದ ಫೈಲು ತೆರೆದು ಕೂತಿದ್ದ. ಥಿಯೇಟರಿನ ಪರದೆಗೆ ಹೊಂದಿಸಲು ಪ್ರತಿ ಶಾಟಿಗೂ ನಾನು ಬಣ್ಣ ಎಷ್ಟೆಷ್ಟು ತಿರುಗಿಸಿದ್ದೇನೆಂದು ನೋಡುತ್ತಿದ್ದ.

"ಏನೋ ಇದು, ಒಂದೇ ರೀಲಿಗೆ ಎರಡು ಲೆಕ್ಕ ಹಾಕಿದ್ದೀಯಲ್ಲ. ಈ ಶಾಟಿಗೆ ಒಂದು, ಪಕ್ಕದ ಶಾಟಿಗೆ ಇನ್ನೊಂದು."

"ಪಕ್ಕದ್ದು ಸ್ವಲ್ಪ ಜಾಸ್ತಿ ಹಳದಿ ಇತ್ತು. ಎಳೆದೆ."

"ಯಾಕೆ ಜಾಸ್ತಿ ಇತ್ತು?"

"ಹಳೇದಾಗಿದೆಯಲ್ಲ."

"ಒಂದೇ ರೀಲು ಕಣಪ್ಪಾ! ಒಂದೇ ಡಬ್ಬಿಯಲ್ಲಿ ಸುತ್ತಿಟ್ಟಿದ್ದು. ಹಳೇದಾಗೋದು ಅಂದ್ರೆ ಎಲ್ಲಾ ಒಟ್ಟಿಗೆ ಹಳೇದಾಗುತ್ತೆ. ವಯಸ್ಸು ಈ ಶಾಟನ್ನ ತಿಂದು, ಪಕ್ಕದ ಶಾಟನ್ನ ನೆಕ್ಕಿ ಬಿಡುತ್ತಾ?"

ಅವನ ಕೈಯಿಂದ ಮೌಸು ಕಿತ್ತುಕೊಂಡು, ಆ ರೀಲಿನ ಎಲ್ಲ ಶಾಟಿಗೂ ಒಂದೇ ಲೆಕ್ಕ ಹಾಕಿದೆ. ಕಾಲದ ಕೆಂಪು ಮಾತ್ರ ಹೋಯಿತು, ಉಳಿದದ್ದು ಶೂಟಿಂಗಿನ ದಿನ ಹೇಗಿತ್ತೋ ಹಾಗೆ ಬಂತು. ಮೊದಲ ಶಾಟು, ನೇರಳೆ ಆಕಾಶ, ಬಿಳಿ ಹೆಲ್ಮೆಟ್ಟು. ಮುಂದಿನದು, ಕೆಸರು ಆಕಾಶ, ಬೆಣ್ಣೆಯಂಥ ಹಳದಿ ಹೆಲ್ಮೆಟ್ಟು. ಕಾಮಾಲೆ ಹಿಡಿದಂಥ ಮುಖ. ಹಳದಿ ಮರಳು.

ಡಾಕ್ಟ್ರು ಕುರ್ಚಿಯನ್ನು ಹತ್ತಿರ ಎಳೆದುಕೊಂಡ. "ಆಹಾ. ನೀಲಿ ಗಾಜು ಹಾಕಿಲ್ಲ ಮಹಾರಾಯ."

ಆಮೇಲೆ ಬಿಡಿಸಿ ಹೇಳಿದ. ಆ ಸಿನಿಮಾಕ್ಕೆ ಬಳಸಿದ ಫಿಲ್ಮು ಸೂರ್ಯನ ಬೆಳಕಿಗೆಂದು ಮಾಡಿದ್ದು. ಶೆಡ್ಡಿನೊಳಗೆ ಬಲ್ಬಿನ ಹಳದಿ ಬೆಳಕಿನಲ್ಲಿ ತೆಗೆಯಬೇಕಾದರೆ ಲೆನ್ಸಿನ ಮುಂದೆ ಒಂದು ನೀಲಿ ಗಾಜು ಇಡಬೇಕು. ಮರೆತರೆ ಎಲ್ಲ ಹಳದಿ. ನೇರಳೆಯ ಮೇಲೆ ಹಳದಿ ಬಿದ್ದರೆ ಕೆಸರು. ಇಲ್ಲಿ ಕೆಲವು ದಿನ ಗಾಜು ಇಟ್ಟಿದ್ದರು, ಕೆಲವು ದಿನ ಮರೆತಿದ್ದರು. ಲೆನ್ಸಿನ ಮುಂದೆ ಏನಿದೆ ಏನಿಲ್ಲ ಎಂದು ನೋಡಿಕೊಳ್ಳುವುದು ಇಡೀ ಶೆಡ್ಡಿನಲ್ಲಿ ಒಬ್ಬನ ಕೆಲಸ. ಕ್ಯಾಮೆರಾಮನ್ನಿನ ಕೆಲಸ.

ನಾನೆಂಥ ಕತ್ತೆ ಎಂದು ಆಗ ಹೊಳೆಯಿತು. ಒಂದೊಂದು ಶಾಟಿನಲ್ಲೂ ಹೆಲ್ಮೆಟ್ಟು ಬೆಳ್ಳಗೆ ಮಾಡಿದ್ದೆನಲ್ಲ, ಅಲ್ಲೆಲ್ಲ ನಾನು ಒರೆಸಿದ್ದು ಅವನ ತಪ್ಪನ್ನು. ಅವನು ಅಪ್ಪನ ತಲೆಗೆ ಕಟ್ಟಿದ ತಪ್ಪಿನ ಸಾಕ್ಷಿಯನ್ನು, ಅಪ್ಪನ ಮಗ, ಹಗಲೆಲ್ಲ ಕೂತು, ನೀಟಾಗಿ ತೊಳೆದು ಕೊಟ್ಟಿದ್ದೆ. ಚಂದ ಮಾಡುವ ಚಟ ನಮ್ಮ ಗುಂಪಿನವರಿಗೆಲ್ಲ ಇದೆ. ಕಣ್ಣಿಗೆ ಕೆಟ್ಟದ್ದು ಕಂಡರೆ ಕೈ ಸುಮ್ಮನಿರುವುದಿಲ್ಲ.

"ಡಾಕ್ಟ್ರೇ, ನಾನು ಹೋಗ್ತೀನಿ ಪ್ರದರ್ಶನಕ್ಕೆ."

"ಯಾವುದನ್ನ ಹಾಕ್ತೀಯ?"

"ಇದನ್ನ. ಕಾಲದ ಕೊಳೆ ಮಾತ್ರ ತೆಗೆದು, ಅವನ ಕೊಳೆ ಹಂಗೇ ಇಟ್ಟು." ಆಗ ಹೇಳಿದೆ, "ಆ ಪೇಂಟರ್ ನಮ್ಮಪ್ಪ."

ಡಾಕ್ಟ್ರು ಎದ್ದುಹೋಗಿ ಕ್ಲಿನಿಕ್ಕಿನ ಬಾಗಿಲಿಗೆ "ವೈದ್ಯರಿಲ್ಲ" ಬೋರ್ಡು ತೂಗುಹಾಕಿ ಬಂದ. ಇಬ್ಬರೂ ಕೂತು ಉಳಿದ ರೀಲುಗಳಿಗೂ ರೀಲಿಗೊಂದೇ ಲೆಕ್ಕ ಹಾಕಿ ಮುಗಿಸಿದೆವು.

ಅಪ್ಪನನ್ನು ಬಾ ಎಂದೆ. ಬರಲಿಲ್ಲ. "ಬಿಡೋ" ಎಂದ. ಅಕ್ಕ ಲಾಂಡ್ರಿಗೆ ಬೀಗ ಹಾಕಿ ಬಂದು, ಹಿಂದಿನ ಸಾಲಿನಲ್ಲಿ ಮೊಬೈಲು ಎತ್ತಿ ಹಿಡಿದು ಕೂತಳು.

ಥಿಯೇಟರು ತುಂಬಿತ್ತು. ಕ್ಯಾಮೆರಾಮನ್ನು ಕೋಟು ಹಾಕಿಕೊಂಡು, ಊರುಗೋಲು ಹಿಡಿದು ವೇದಿಕೆ ಹತ್ತಿದ. ನನ್ನ ಬೆನ್ನು ತಟ್ಟಿದ. ಕೈ ಹಗುರವಾಗಿತ್ತು, ಮಗುವಿನ ಕೈಯ ಹಾಗೆ. ಅದಕ್ಕೆ ಕರಗುವವನು ನಾನಲ್ಲ. ಜನ ಕೇಳದಿದ್ದರೂ ಅವನು ಊರುಗೋಲನ್ನೇ ಬ್ರಷ್ಷು ಮಾಡಿಕೊಂಡು ತೂರಾಡಿ ತೋರಿಸಿದ. ಎಲ್ಲರೂ ನಕ್ಕರು. ನಗಲಿ, ಚೆನ್ನಾಗಿ ನಗಲಿ ಅಂದುಕೊಂಡೆ.

ಸಿನಿಮಾ ಶುರುವಾಯಿತು. ನೇರಳೆ ಬಂದಾಗ ಚಪ್ಪಾಳೆ. ಕೆಸರು ಬಂದಾಗ ಗುಸುಗುಸು.

"ಏನಯ್ಯಾ ಇದು, ಹಳೇದನ್ನೇ ಹಾಕಿದ್ದೀಯ?" ಕ್ಯಾಮೆರಾಮನ್ನು ನನ್ನ ಕಡೆ ಬಾಗಿ ಕೇಳಿದ.

ನಾನು ಪ್ರೊಜೆಕ್ಟರಿನ ಹತ್ತಿರ ನಿಂತಿದ್ದ ಡಾಕ್ಟ್ರಿಗೆ ಕೈ ಮಾಡಿದೆ. ಚಿತ್ರ ನಿಂತಿತು, ದೀಪ ಹತ್ತಿತು. ಮೈಕು ತೆಗೆದುಕೊಂಡೆ. ಎರಡೂ ಶಾಟನ್ನು ಪಕ್ಕಪಕ್ಕದಲ್ಲಿ ಹಾಕಿಸಿದೆ.

"ಸಾರ್, ಪೇಂಟರ್ ಕುಡಿದು ಆಕಾಶಕ್ಕೆ ಕೆಸರು ಬಳಿದ. ಸರಿ. ಹೆಲ್ಮೆಟ್ಟಿಗೂ ಬಳಿದನಾ? ಹೀರೋ ಮುಖಕ್ಕೂ ಬಳಿದನಾ? ಮರಳಿಗೂ?"

ಯಾರೋ ಕಿಸಕ್ಕೆಂದರು. ಮುದುಕನಿಗೆ ಉತ್ತರ ಸಿದ್ಧವಿತ್ತು. "ನಿನಗೆ ಗೊತ್ತಾಗಲ್ಲಪ್ಪ, ಇದು ಬೆಳಕಿನ ವಿಷಯ. ಅಷ್ಟು ದೊಡ್ಡ ಆಕಾಶದ ಬಣ್ಣ ಎಲ್ಲದರ ಮೇಲೂ ಬೀಳುತ್ತೆ. ಪ್ರತಿಫಲನ."

"ಹೌದಾ ಸಾರ್. ಮುಂದಿಂದು ಹಾಕಿ ಡಾಕ್ಟ್ರೇ."

ರಾಕೆಟ್ಟಿನ ಒಳಗಿನ ದೃಶ್ಯ. ಸುತ್ತ ಕಬ್ಬಿಣದ ಗೋಡೆ, ಮುಚ್ಚಿದ ಬಾಗಿಲು, ಕಿಟಕಿ ಇಲ್ಲ. ನಾಯಕ ಹೆಲ್ಮೆಟ್ಟು ತೆಗೆದು ಮೇಜಿನ ಮೇಲಿಡುತ್ತಾನೆ. ಹೆಲ್ಮೆಟ್ಟು ಹಳದಿ, ಗೋಡೆ ಹಳದಿ, ಮುಖ ಹಳದಿ.

"ಬಾಗಿಲು ಮುಚ್ಚಿದೆಯಲ್ಲ ಸಾರ್. ಆಕಾಶ ಎಲ್ಲಿಂದ ಒಳಗೆ ಬಂತು?"

ಅವನು ಪರದೆಯನ್ನು ನೋಡಿದ. ಅವನಿಗೆ ಮೊದಲಿನಿಂದಲೂ ಗೊತ್ತಿತ್ತು ಎನ್ನುವುದು ಆ ನೋಟದಲ್ಲೇ ನನಗೆ ಗೊತ್ತಾಯಿತು. ಹೊಸದನ್ನು ಕಂಡವನ ಕಣ್ಣಲ್ಲ ಅದು, ಹಳೇ ಪರಿಚಯದವನನ್ನು ದಾರಿಯಲ್ಲಿ ಕಂಡು ತಪ್ಪಿಸಿಕೊಳ್ಳಲಾಗದವನ ಕಣ್ಣು.

"ಗಾಜು..." ಎಂದ. ಆಮೇಲೆ ಸಾವರಿಸಿಕೊಂಡು, "ಗಾಜು ಹಾಕೋದು ಅಸಿಸ್ಟೆಂಟ್ ಕೆಲಸ. ಅವನು ಮರೆತಿರಬೇಕು. ಪಾಪ, ಅವನೂ ಈಗಿಲ್ಲ."

ನೋಡಿ! ಅಷ್ಟರಲ್ಲೇ ಇನ್ನೊಬ್ಬನ ತಲೆ ಹುಡುಕಿಕೊಂಡಿದ್ದ. ಸತ್ತವನ ತಲೆ, ಎದ್ದು ಬಂದು ಬೇಡ ಎನ್ನಲಾರದ ತಲೆ.

"ಅಸಿಸ್ಟೆಂಟ್ ವಿಷಯ ಅವನ ಮಕ್ಕಳು ಬಂದು ಕೇಳ್ತಾರೆ ಸಾರ್. ನಾನು ಪೇಂಟರ್ ಮಗ. ಪೇಂಟರ್ ಕುಡಿದಿದ್ದನಾ?"

ಮುಂದಿನ ಸಾಲಿನಲ್ಲಿ ಯಾರೋ ಎದ್ದು ನಿಂತರು. ಗುಂಪಿನವನೊಬ್ಬ ನನ್ನ ತೋಳು ಜಗ್ಗಿ, "ಸಾಕು ಬಾರೋ, ಮುದುಕರು" ಎಂದ.

"ಮುದುಕ ಆಗೋವರೆಗೂ ನಕ್ಕಿದ್ದಾನಲ್ಲ, ಇನ್ನೊಂದು ನಿಮಿಷ ಇರಲಿ" ಎಂದೆ. ಮೈಕನ್ನು ಅವನ ಬಾಯಿಯ ಹತ್ತಿರ ಹಿಡಿದೆ. "ಕುಡಿದಿದ್ದನಾ?"

"ಇಲ್ಲ."

"ಪೂರ್ತಿ ಹೇಳಿ ಸಾರ್. ಜೋಕು ಪೂರ್ತಿ ಹೇಳ್ತೀರಲ್ಲ."

"ಪೇಂಟರ್ ಕುಡಿದಿರಲಿಲ್ಲ" ಎಂದ. "ಅವನು ಆಕಾಶವನ್ನ ಮತ್ತೆ ಮುಟ್ಟಲೂ ಇಲ್ಲ."

ಊರುಗೋಲು ಹಿಡಿದ ಅವನ ಕೈ ಈಗ ನಿಜವಾಗಿಯೇ ತೂರಾಡುತ್ತಿತ್ತು. ನನಗೆ ಸಂಕಟ ಆಗಬೇಕಿತ್ತೋ ಏನೋ. ಆಗಲಿಲ್ಲ. ಹೊಟ್ಟೆ ತುಂಬಾ ಉಂಡ ಹಾಗಿತ್ತು.

ಮನೆಗೆ ಬಂದಾಗ ಅಪ್ಪ ಅಂಗಳದಲ್ಲಿ ಕೂತು ಯಾರದೋ ಬೈಕಿನ ನಂಬರು ಬರೆಯುತ್ತಿದ್ದ. ಅಕ್ಕ ಮೊಬೈಲನ್ನು ಅವನ ಮುಂದೆ ಹಿಡಿದು, ಆ ತುಂಡನ್ನು ಹಾಕಿದಳು. ಪೇಂಟರ್ ಕುಡಿದಿರಲಿಲ್ಲ. ಅವನು ಆಕಾಶವನ್ನ ಮತ್ತೆ ಮುಟ್ಟಲೂ ಇಲ್ಲ.

ಅಪ್ಪ ಬ್ರಷ್ಷು ಕೆಳಗಿಟ್ಟ. ಈಗ "ಬಿಡೋ" ಎನ್ನುತ್ತಾನೆ, ಎಂದದ್ದೇ ಆದರೆ ನಾನು ಇವನನ್ನೂ ಕ್ಷಮಿಸುವುದಿಲ್ಲ ಎಂದು ಕಾಯುತ್ತಿದ್ದೆ.

"ಇನ್ನೊಂದ್ಸಲ ಹಾಕು" ಎಂದ.

ಹಾಕಿದಳು. ಮತ್ತೆ ಕೇಳಿದ. ಮತ್ತೆ ಹಾಕಿದಳು. ಅಪ್ಪನ ಮುಖದಲ್ಲಿ ಕಣ್ಣೀರಿಲ್ಲ, ಶಾಂತಿ ಮೊದಲೇ ಇಲ್ಲ. ದವಡೆ ಬಿಗಿದಿತ್ತು, ಕಣ್ಣು ಮುದುಕನ ಬಾಯಿಯ ಮೇಲೇ ನೆಟ್ಟಿತ್ತು, ಆ ಬಾಯಿ ಒಂದೊಂದು ಅಕ್ಷರಕ್ಕೂ ಎಷ್ಟು ಕಷ್ಟಪಡುತ್ತಿದೆ ಎಂದು ಲೆಕ್ಕ ಇಡುವವನಂತೆ. ನನ್ನ ಸಿಟ್ಟು ಎಲ್ಲಿಂದ ಬಂತೆಂದು ಇಷ್ಟು ದಿನ ತಿಳಿದಿರಲಿಲ್ಲ. ಇವನು ಅದನ್ನು ನನಗಿಂತ ಮೊದಲೇ, ನನಗಿಂತ ಆಳದಲ್ಲಿ, ಮುಚ್ಚಿಟ್ಟುಕೊಂಡಿದ್ದ.

"ಅಪ್ಪಾ, ಸಾಕು. ಮೊಬೈಲು ಬಿಸಿ ಆಗ್ತಿದೆ" ಎಂದಳು ಅಕ್ಕ.

"ಸೌಂಡು ಇಷ್ಟೇನಾ?"

"ಇನ್ನೂ ಜಾಸ್ತಿ ಮಾಡಬಹುದು."

"ಮಾಡು. ಪೂರ್ತಿ ಮಾಡು."

ಅಪ್ಪ ಕೈಯ ಬಣ್ಣವನ್ನು ಲುಂಗಿಗೆ ಒರೆಸಿಕೊಂಡು ಮೊಬೈಲು ಕಸಿದುಕೊಂಡ. ಚಪ್ಪಲಿ ಮೆಟ್ಟಿದ. ಬೀದಿಯ ಈ ತುದಿಯ ಮೊದಲ ಮನೆಯವರು ಬಾಗಿಲಲ್ಲೇ ನಿಂತಿದ್ದರು. ಅಪ್ಪ ನೇರ ಅವರ ಮುಂದೆ ಹೋಗಿ ನಿಂತು, ಮೊಬೈಲನ್ನು ಅವರ ಮುಖಕ್ಕೆ ಹಿಡಿದು, ಬೆರಳಿನಿಂದ ಒತ್ತಿದ.